ಮಾವ ಕೋಳಿ ಬಿಟ್ಟ ವರ್ಷ

ಹೋದ ತಿಂಗಳು ನಮ್ಮ ಫ್ಯಾಕ್ಟರಿಯ ಸೂಪರ್‌ವೈಸರ್ ಮೇಡಂಗೆ ಬಡ್ತಿ ಸಿಕ್ಕಿತು. ಪ್ಯಾಕಿಂಗ್ ಸೆಕ್ಷನ್ನಿನ ನಮ್ಮನ್ನೆಲ್ಲ ನಂಜನಗೂಡಿನಿಂದ ಒಂದು ವ್ಯಾನಿನಲ್ಲಿ ತುಂಬಿಕೊಂಡು ಮೈಸೂರಿಗೆ ಊಟಕ್ಕೆ ಕರೆದುಕೊಂಡು ಹೋದರು. ಎಲ್ಲಿಗೆ ಅಂತ ನಾನು ಕೇಳಿರಲಿಲ್ಲ. ವ್ಯಾನು ಗೋಕುಲಂನ ಅಡ್ಡರಸ್ತೆಯೊಂದಕ್ಕೆ ತಿರುಗಿ ಪೋರ್ಚುಗೀಸ್ ಕೋಳಿ ಹೋಟೆಲಿನ ಮುಂದೆ ನಿಂತಾಗ ನನಗೆ ನಗು ಬಂತು. ಪಾಪ, ಮಾಂಸ ಮುಟ್ಟದ ಪುಳಿಚಾರು ಶಶಿಕಲಾಗೆ ಇಲ್ಲೇನು ಸಿಗುತ್ತದೆ ಎಂದು ಜೊತೆಯವರು ರೇಗಿಸಿದರು. ಮುಸುಕಿನ ಜೋಳ ಸುಟ್ಟು ಕೊಡುತ್ತಾರೆ, ಆಲೂಗಡ್ಡೆ ಇರುತ್ತದೆ, ಬೆಳ್ಳುಳ್ಳಿ ಹಚ್ಚಿದ ಬ್ರೆಡ್ ಇರುತ್ತದೆ, ಕೌಂಟರಿನಲ್ಲಿ ಹೇಳಿ ಬಂದು ಕೂರಬೇಕು, ಖಾರ ಎಷ್ಟು ಅಂತ ಕೇಳಿದರೆ ಮಧ್ಯಮ ಅನ್ನಿ, ಅದರ ಮೇಲಕ್ಕೆ ಹೋಗಿ ಆಮೇಲೆ ನನ್ನ ಬೈಯಬೇಡಿ ಎಂದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು.

ಬಾಗಿಲು ತಳ್ಳಿದ ಕೂಡಲೇ ಆ ವಾಸನೆ ಬಂತು. ಕೋಳಿಯ ವಾಸನೆ ನನಗೆ ಈಗಲೂ ಹಿಡಿಸುವುದಿಲ್ಲ. ಇದು ಬೇರೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಸೇರಿಸಿ ಅರೆದ ಮಸಾಲೆ, ಅದರ ಮೇಲೆ ಹಿಂಡಿದ ನಿಂಬೆರಸ, ಇವೆಲ್ಲ ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯ ವಾಸನೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡನ ಅಂಗಿಯಿಂದ ದಿನವೂ ಬರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆಮೇಲೆ ಒಂದು ವರ್ಷ ಅದು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ ಎಂಬಂತಾಯಿತು. ಜೋಳ ಬರುವ ತನಕ ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ನಾನು ಆ ವರ್ಷವನ್ನೇ ನೆನೆಯುತ್ತಿದ್ದೆ.

ನನ್ನ ಗಂಡ ಮಹದೇವ ಆಗ ಇದೇ ಹೋಟೆಲಿನಲ್ಲಿ ಗ್ರಿಲ್ ನೋಡಿಕೊಳ್ಳುತ್ತಿದ್ದ. ಇಬ್ಬರೇ ಇರುವಾಗ ನಾನು ಅವನನ್ನು ಹೆಸರು ಹಿಡಿದೇ ಕರೆಯುವುದು, ಹಿರಿಯರ ಮುಂದೆ ಮಾತ್ರ ‘ರೀ’. ಇಲ್ಲಿ ಹಿರಿಯರು ಯಾರೂ ಇಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಅವನು ಗೋವಾದಲ್ಲಿ ಕೆಲವು ವರ್ಷ ಹೋಟೆಲ್ ಕೆಲಸ ಮಾಡಿ ಈ ಅಡುಗೆ ಕಲಿತಿದ್ದ. ಅಲ್ಲಿಯ ಜೋಕಿಂ ಎಂಬವರು ಮೈಸೂರಿಗೆ ಬಂದು ಹೋಟೆಲ್ ತೆರೆದಾಗ ಮೊದಲು ಕರೆದದ್ದು ಇವನನ್ನೇ. ಅವನದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆ ಕಡೆಯ ಹಳ್ಳಿ, ಗದ್ದೆ ಬೇಸಾಯದ ಒಕ್ಕಲಿಗರ ಮನೆ. ನಾನು ಸುತ್ತೂರಿನ ಪಕ್ಕದ ಊರಿನವಳು, ಲಿಂಗ ಕಟ್ಟಿಕೊಂಡ ಮನೆ. ನಮ್ಮ ಮದುವೆಗೆ ಎರಡೂ ಕಡೆ ಮುಖ ಊದಿಸಿಕೊಂಡವರು ಬೇಕಾದಷ್ಟಿದ್ದರು. ಊದಿಸಿಕೊಳ್ಳದೆ ಇದ್ದವರು ಮಾವ ಒಬ್ಬರೇ.

ಮಾವನ ಕೋಳಿ ಪ್ರೀತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಾವ ಊರಲ್ಲಿ ದೊಡ್ಡ ಮಗನ ಜೊತೆ ಇದ್ದರು. ನಂಜನಗೂಡಿನ ನಮ್ಮ ಬಾಡಿಗೆ ಮನೆಗೆ ಬರುವಾಗಲೆಲ್ಲ ಬುಟ್ಟಿಯಲ್ಲಿ ಒಂದು ನಾಟಿ ಕೋಳಿ ತರುತ್ತಿದ್ದರು. ನನ್ನ ಅಡುಗೆಮನೆಯ ಹೊಸ್ತಿಲು ಅದನ್ನು ದಾಟಿಸುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಪುಕ್ಕ ಕಿತ್ತ ಕೋಳಿಯನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ, ತಾವೇ ಸಾರು ಮಾಡಿ, ತಾವೇ ಪಾತ್ರೆ ಬೆಳಗಿ ಒರಗಿಸಿಡುತ್ತಿದ್ದರು. ಮುದ್ದೆ ಮಾತ್ರ ನನ್ನದು. ಮಗನ ಕೆಲಸದ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಅವನು ಮಾಡುವ ಅಡುಗೆಯ ಬಗ್ಗೆ ಇರಲಿಲ್ಲ. ಕೋಳಿಯ ಬೆನ್ನು ಸೀಳಿ ಕಪ್ಪೆಯ ಹಾಗೆ ಅಗಲಿಸಿ ಮಲಗಿಸಿ ಸುಡುತ್ತಾರಂತೆ, ಜೊತೆಗೆ ಸಾರು ಕೊಡುವುದಿಲ್ಲವಂತೆ, ಅದಕ್ಕೆ ಜನ ಮೈಸೂರಿನಲ್ಲಿ ಸಾಲು ನಿಲ್ಲುತ್ತಾರಂತೆ ಎಂದು ಊರಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಆ ಆಷಾಢದಲ್ಲಿ ಗಾಳಿ ಜೋರಾಗಿತ್ತು. ಮಳೆ ಬರುವುದಕ್ಕಿಂತ ಹನಿಯುವುದೇ ಹೆಚ್ಚು. ಅಂಥ ಒಂದು ಮಧ್ಯಾಹ್ನ ಕೆಲಸಕ್ಕೆ ಹೋಗುವಾಗ ಮೈಸೂರು ರಸ್ತೆಯಲ್ಲಿ ಮಹದೇವನ ಬೈಕು ಜಾರಿತು. ಬಲಗಾಲಿನ ತೊಡೆ ಮೂಳೆ ಮುರಿದಿತ್ತು, ಮಂಡಿ ಚೂರಾಗಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಮಾವ ಅಳಲಿಲ್ಲ. ಊರಿಂದ ತಮ್ಮ ಬಟ್ಟೆಯ ಗಂಟು ತರಿಸಿಕೊಂಡು, ಮಗ ಎದ್ದು ಓಡಾಡುವ ತನಕ ಇಲ್ಲೇ ಇರುತ್ತೇನೆ ಎಂದರು. ನಾನು ಫ್ಯಾಕ್ಟರಿಗೆ ಹೋಗಲೇಬೇಕಿತ್ತು. ಮಗನನ್ನು ಎಬ್ಬಿಸಿ ಕೂರಿಸಿ, ಮೈ ಒರೆಸಿ, ಗಂಜಿ ಕುಡಿಸುವ ಕೆಲಸವೆಲ್ಲ ಅವರದಾಯಿತು.

ಮಹದೇವ ಮನೆಗೆ ಬಂದ ಮಾರನೆಯ ದಿನ ಬೆಳಿಗ್ಗೆ ಮಾವ ಕಾಣಲಿಲ್ಲ. ನಾನು ಟಿಫನ್ ಡಬ್ಬಿ ಕಟ್ಟುವ ಹೊತ್ತಿಗೆ ಒದ್ದೆ ಪಂಚೆಯಲ್ಲಿ ಬಂದರು. ಕಪಿಲೆಯಲ್ಲಿ ಮುಳುಗಿ, ಹಾಗೇ ನಂಜುಂಡಸ್ವಾಮಿಯ ಮುಂದೆ ನಿಂತು ಬಂದಿದ್ದರು. ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟರು. ಏನು ಹೇಳಿಕೊಂಡಿರಿ ಎಂದು ಕೇಳಿದೆ.

“ನನ್ ಮಗ ಮೊದ್ಲಂಗೆ ಒಲೆ ಮುಂದೆ ನಿಂತ್ಕಂಡು ಬೇಯ್ಸೋ ಗಂಟ ನಾನು ಕೋಳಿ ಕುರಿ ಮುಟ್ಟಾಕಿಲ್ಲ ಅಂತ ಏಳ್ಕಂಡಿವ್ನಿ ಕಣವ್ವ,” ಎಂದರು.

ನಮ್ಮ ಕಡೆ ಅಭಿಷೇಕ ಅಂತಲೋ, ತೆಂಗಿನಕಾಯಿ ಅಂತಲೋ ಹರಕೆ ಹೊರುತ್ತೇವೆ. ತಮಗೆ ಅತಿ ಇಷ್ಟವಾದದ್ದನ್ನೇ ತಂದು ದೇವರ ಮುಂದಿಡುವುದಕ್ಕೆ ಎದೆ ಗಟ್ಟಿ ಬೇಕು. ಆದರೆ ಆ ಹರಕೆಯಲ್ಲಿ ಒಂದು ಕೊಕ್ಕೆ ಇದ್ದದ್ದು ನಮಗೆ ಆಗ ಹೊಳೆಯಲಿಲ್ಲ. ಮಗ ನಡೆಯುವ ತನಕ ಎಂದಿದ್ದರೆ ಸಾಕಿತ್ತು. ಮಾವ ಹುಟ್ಟಿದಂದಿನಿಂದ ಗದ್ದೆಯಲ್ಲಿ ದುಡಿದವರು. ಕೂತು ಮಾಡುವುದು ಅವರ ಲೆಕ್ಕಕ್ಕೆ ಕೆಲಸವೇ ಅಲ್ಲ, ಕೂತವನು ಹರಟೆ ಹೊಡೆಯುವವನು. ಹಾಗಾಗಿ ದೇವರ ಹತ್ತಿರವೂ ನಿಂತುಕೊಂಡು ಬೇಯಿಸಬೇಕು ಎಂದೇ ಕೇಳಿ ಬಂದಿದ್ದರು.

ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಶ್ರಾವಣ ಹಿಡಿಯಿತು, ಓಣಿಯಲ್ಲಿ ಯಾರ ಮನೆಯಲ್ಲೂ ಮಾಂಸ ಬೇಯುವುದಿಲ್ಲ. ಗೌರಿ ಗಣೇಶ ಮುಗಿದು ಮಾರ್ಲಾಮಿ ಬಂದಾಗ ಗೊತ್ತಾಯಿತು. ಸತ್ತ ಹಿರಿಯರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಡೆ ಇಡುವ ಹಬ್ಬ ಅದು. ಮಹದೇವನನ್ನು ಕಾರಿನಲ್ಲಿ ಹಿಂದಿನ ಸೀಟಿಗೆ ಮಲಗಿಸಿಕೊಂಡು ಊರಿಗೆ ಹೋದೆವು. ಅತ್ತೆಗೆ ಕೋಳಿ ಸಾರೆಂದರೆ ಪ್ರಾಣವಂತೆ. ಅವರ ಎಡೆಯ ಕೋಳಿಯನ್ನು ಮಾವ ಯಾರಿಗೂ ಬಿಡದೆ ತಾವೇ ಮಾಡಿದರು. ಫೋಟೋದ ಮುಂದೆ ಎಲೆ ಹಾಕಿ ಬಡಿಸಿ, ಬಾಗಿಲು ಮುಂದಕ್ಕೆಳೆದು, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಎಡೆಯದನ್ನು ಮನೆಯವರೆಲ್ಲ ತಿನ್ನಬೇಕು, ಬಿಟ್ಟರೆ ಸತ್ತವರಿಗೆ ಮುಟ್ಟುವುದಿಲ್ಲ ಎಂದು ಲೆಕ್ಕ. ಮಾವ ತಮ್ಮ ಪಾಲಿನ ತುಂಡನ್ನು ಕಣ್ಣಿಗೊತ್ತಿಕೊಂಡು ಮಹದೇವನ ತಟ್ಟೆಗೆ ಹಾಕಿದರು. ಅವ್ವನದನ್ನೂ ತಿನ್ನುವುದಿಲ್ಲವೇ ಎಂದು ಮಹದೇವ ಕೇಳಿದ. ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ, ನಿನಗೋಸ್ಕರ ತಾನೇ ಎಂದು ಮಾವ ಹುರುಳಿ ಸಾರು ಕಲಸಿಕೊಂಡರು.

ಆ ‘ನಿನಗೋಸ್ಕರ’ ಮಹದೇವನ ಗಂಟಲಿಗೆ ಸಿಕ್ಕಿಕೊಂಡಿತು. ನಂಜನಗೂಡಿಗೆ ವಾಪಸ್ಸಾದ ಮೇಲೆ ಅವನು ಊಟದ ಹೊತ್ತಿಗೆ ಅಪ್ಪನ ತಟ್ಟೆಯನ್ನೇ ನೋಡುತ್ತಿದ್ದ. ಒಂದು ದಿನ ಬಸ್ಸಾರು, ಒಂದು ದಿನ ಅವರೆಕಾಳು, ಒಂದು ದಿನ ನುಗ್ಗೆಸೊಪ್ಪು. ಮಾವ ಚಪ್ಪರಿಸಿಕೊಂಡೇ ಉಣ್ಣುತ್ತಿದ್ದರು, ನನ್ನ ಕೈ ರುಚಿಯನ್ನು ಹೊಗಳುತ್ತಲೂ ಇದ್ದರು. ಆದರೆ ಅಪ್ಪ ಹೀಗೆ ಉಣ್ಣುವುದನ್ನು ನೋಡಿದರೆ ತನಗೆ ತುತ್ತು ಇಳಿಯುವುದಿಲ್ಲ ಎಂದು ಮಹದೇವ ನನ್ನ ಹತ್ತಿರ ಹೇಳಿದ. ಚಳಿಗಾಲಕ್ಕೆ ವಾಕರ್ ಹಿಡಿದ, ಸಂಕ್ರಾಂತಿ ಕಳೆದ ಮೇಲೆ ಕೋಲು. ಫಿಸಿಯೋಥೆರಪಿಯವರು ದಿನಕ್ಕಿಷ್ಟೇ ಮಾಡು ಎಂದದ್ದನ್ನು ಎರಡರಷ್ಟು ಮಾಡುತ್ತಿದ್ದ. ಅಡುಗೆಮನೆಯ ಕಟ್ಟೆ ಹಿಡಿದು ಹಲ್ಲು ಕಚ್ಚಿಕೊಂಡು ನಿಲ್ಲುವುದನ್ನು ನಾನು ಕಂಡು ಗದರಿಸುತ್ತಿದ್ದೆ. ಜೋಕಿಂ ಆಗಾಗ ಬಂದು ಹೋಗುತ್ತಿದ್ದರು. ಗ್ರಿಲ್ಲಿಗೆ ಬೇರೆಯವರನ್ನು ಇಟ್ಟಿದ್ದರೂ ಖಾಯಂ ಮಾಡಿರಲಿಲ್ಲ. ನಿನ್ನ ಜಾಗ ಹಾಗೇ ಇದೆ, ಆದರೆ ಎಷ್ಟು ದಿನ ಇಡಲಿ ಎಂದು ತಮ್ಮ ಅರೆಬರೆ ಕನ್ನಡದಲ್ಲಿ ಒಮ್ಮೆ ಕೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಯುಗಾದಿಯ ಮಾರನೆಯ ದಿನ ವರ್ಷದ ತೊಡಕು. ಹಬ್ಬಕ್ಕೆ ಬೇವು ಬೆಲ್ಲ ತಿಂದ ಬಾಯಿಗೆ ಅವತ್ತು ಮಾಂಸ ಬೀಳಲೇಬೇಕು. ಅವತ್ತು ತಿಂದವರಿಗೆ ವರ್ಷವೆಲ್ಲ ಸಿಗುತ್ತದೆ ಎಂದು ನಂಬಿಕೆ. ನಮ್ಮ ಓಣಿಯಲ್ಲಿ ಬೆಳಗಿನಿಂದಲೇ ಮಸಾಲೆ ಅರೆಯುವ ಸದ್ದು. ಇವತ್ತು ಅಪ್ಪ ತಿನ್ನಲೇಬೇಕು ಎಂದು ಮಹದೇವ ಹಠ ಹಿಡಿದ. ಪಕ್ಕದ ಮನೆಯವರ ಕೈಲಿ ಕೋಳಿ, ಇದ್ದಿಲು ತರಿಸಿದ್ದ. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಮೇಲೆ ಕಬ್ಬಿಣದ ಜಾಲರಿ ಇಟ್ಟು, ಹೋಟೆಲಿನಲ್ಲಿ ಇದ್ದಷ್ಟೇ ಎತ್ತರಕ್ಕೆ ಒಲೆ ಮಾಡಿದ. ಮೆಣಸಿನಕಾಯಿ ಅರೆದು ಕೊಡುವ ಕೆಲಸ ನನ್ನದು. ಕೋಲು ಪಕ್ಕಕ್ಕಿಟ್ಟು ಅವನು ನಿಂತುಕೊಂಡ. ಬಹಳ ತಿಂಗಳ ಮೇಲೆ ಆ ವಾಸನೆ ಎದ್ದಿತು, ನನಗೂ ಖುಷಿಯಾಗದೆ ಇರಲಿಲ್ಲ. ಮಾವ ಕೈ ತೊಳೆದುಕೊಂಡು ಬಂದು ಕಲ್ಲಿನ ಮೇಲೆ ಕೂತು, ಒಂದು ಸಲ ಮಗನ ಕಾಲು, ಒಂದು ಸಲ ಕೋಳಿ ನೋಡುತ್ತಿದ್ದರು. ಅದು ನಿಧಾನವಾಗಿ ಬೇಯುವ ಅಡುಗೆ. ತಿರುಗಿಸಬೇಕು, ಸವರಬೇಕು, ಮತ್ತೆ ತಿರುಗಿಸಬೇಕು. ಮುಕ್ಕಾಲು ಬೆಂದಿರಬಹುದು, ಮಹದೇವನ ಮಂಡಿ ಮಡಿಸಿಕೊಂಡಿತು, ಅವನು ಕೆಳಗೆ ಬಿದ್ದ. ಅವನನ್ನು ಎತ್ತಿ ಒಳಗೆ ಮಲಗಿಸುವ ಗಲಾಟೆಯಲ್ಲಿ ಕೋಳಿ ಸುಟ್ಟು ಕರಿಯಾಯಿತು.

ಮಂಡಿ ಕುಂಬಳಕಾಯಿಯಷ್ಟು ಊದಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನೋಡಿದ ಡಾಕ್ಟರು, ರಾಡ್ ಸರಿಯಾಗಿದೆ, ಮಂಡಿ ಮಾತ್ರ ಮೊದಲಿನ ಹಾಗೆ ಆಗುವುದಿಲ್ಲ ಎಂದರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಬಹಳ ಹೊತ್ತು ನಿಂತು ಮಾಡುವ ಕೆಲಸ ಇನ್ನು ಬೇಡ, ಹೀಗೇ ಹಠ ಮಾಡಿದರೆ ನಡೆಯುವುದೂ ಕಷ್ಟವಾಗುತ್ತದೆ ಎಂದು ಬಿಡಿಸಿ ಹೇಳಿದರು.

ಹೊರಗೆ ಬೆಂಚಿನ ಮೇಲೆ ಮಾವ ಟವೆಲ್ಲನ್ನು ಹಿಂಡುತ್ತಾ ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅವರಿಗೆ ಎದುರು ಮಾತಾಡಿದವಳಲ್ಲ ನಾನು, ಅವತ್ತು ಆಡಿದೆ. “ಮಾವ, ನೀವು ಹರಕೆ ಬಿಡೋ ತನಕ ಇವರು ಕೂರೋಲ್ಲ. ನಿಮ್ಮನ್ನ ಉಣ್ಣಿಸೋಕೆ ಹೋಗಿ ಕಾಲು ಕಳ್ಕೋತಾರೆ. ಸ್ವಾಮಿಗೆ ತಪ್ಪುಕಾಣಿಕೆ ಹಾಕಿ ಬಿಟ್ಟುಬಿಡಿ” ಎಂದೆ.

“ಕೊಟ್ಟ ಮಾತ ತಿರುಗ್ಸಿ ಈಸ್ಕಳಾಕಾಯ್ತದಾ ಸಸಿ? ನಾನ್ ತಪ್ಪುದ್ರೆ ಅದು ನಂಗ್ ಬರಾಕಿಲ್ಲ, ಅವನ್ ಕಾಲ್ಗೇ ಬತ್ತದೆ,” ಎಂದರು.

ಆಗ ನನಗೆ ಅರ್ಥವಾಯಿತು. ಅದು ಹಠವಾಗಿರಲಿಲ್ಲ, ಹೆದರಿಕೆ. ತಿಂದರೆ ಮಗನ ಕಾಲಿಗೆ ಕೇಡು, ತಿನ್ನದಿದ್ದರೆ ಮಗನೇ ಕಾಲು ಹಾಳು ಮಾಡಿಕೊಳ್ಳುತ್ತಾನೆ. ಅರ್ಚಕರನ್ನು ಕೇಳಿ ಏನಾದರೂ ಪರಿಹಾರ ಹುಡುಕೋಣ ಎಂದೆ. ನಾನು ಹೇಳಿಕೊಂಡದ್ದು ಅರ್ಚಕರ ಹತ್ತಿರ ಅಲ್ಲವಲ್ಲ ಎಂದರು. ಆ ಬೇಸಿಗೆ ಹಾಗೇ ಕಳೆಯಿತು. ಫ್ಯಾನ್ ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು, ನಾವು ಉಂಡು ಮಲಗುತ್ತಿದ್ದೆವು.

ದಾರಿ ತೋರಿಸಿದ್ದು ಜೋಕಿಂ. ಮತ್ತೆ ಆಷಾಢದ ಗಾಳಿ ಶುರುವಾದಾಗ ಒಂದು ದಿನ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಬಡಗಿಯ ಹತ್ತಿರ ಮಾಡಿಸಿದ ಎತ್ತರದ ಸ್ಟೂಲು. ಬೆನ್ನಿಗೆ ಒರಗು, ಬಲಗಾಲು ಚಾಚಿಡಲು ಒಂದು ಹಲಗೆ. ಗ್ರಿಲ್ಲಿನ ಮುಂದೆ ಅದರ ಮೇಲೆ ಕೂತರೆ ಕೈಗೆ ಎಲ್ಲವೂ ಎಟಕುತ್ತದೆ, ಭಾರ ಎತ್ತಲು ಬೇರೆಯವರಿದ್ದಾರೆ ಎಂದರು. ನನಗೆ ಅವರ ಕಾಲಿಗೆ ಬೀಳುವ ಹಾಗಾಯಿತು. ಮಹದೇವ ಮಾತ್ರ ಒಪ್ಪಲಿಲ್ಲ. ಗಿರಾಕಿಗಳ ಮುಂದೆ ಮುದುಕನ ಹಾಗೆ ಕೂತು ಬೇಯಿಸುವುದು ನಾಚಿಕೆ ಎಂದ. ಅದು ಬರೀ ನೆಪ. ಜೋಕಿಂ ಹೋದ ಮೇಲೆ ನಿಜ ಹೇಳಿದ. ಕೂತರೆ ಮುಗಿಯಿತು, ಅಪ್ಪ ಇನ್ನು ಸಾಯುವ ತನಕ ಬಾಯಿ ಕಟ್ಟಿಕೊಂಡೇ ಇರುತ್ತಾರೆ ಎಂದ. ನೀನು ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಅವರು ತಿನ್ನುತ್ತಾರಾ ಎಂದು ನಾನು ಕೇಳಿದೆ. ಮುಂದಿನ ವಾರ ಕೆಲಸಕ್ಕೆ ಸೇರಿದ. ಬೈಕಿಲ್ಲ, ಬೆಳಗಿನ ರೈಲಿಗೆ ಹೋಗಿ ಸಂಜೆಯದರಲ್ಲಿ ಬರುವಂತೆ ಜೋಕಿಂ ಅವರೇ ಪಾಳಿ ಹೊಂದಿಸಿಕೊಟ್ಟರು.

ಒಂದು ಭಾನುವಾರ ಮಾವ, ತಾವು ಒಮ್ಮೆ ನೋಡಿ ಬರಬೇಕು ಎಂದರು. ಅಷ್ಟು ವರ್ಷದಲ್ಲಿ ಆ ಹೋಟೆಲಿಗೆ ಅವರು ಕಾಲಿಟ್ಟಿರಲಿಲ್ಲ. ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟರು. ರೈಲು ಇಳಿದು ಸಿಟಿ ಬಸ್ಸು ಹಿಡಿದು ಗೋಕುಲಂಗೆ ಹೋದೆವು. ಒಳಗೆ ಕಾಲೇಜಿನ ಹುಡುಗ ಹುಡುಗಿಯರು, ಯೋಗ ಕಲಿಯಲು ಬಂದ ಪರದೇಶದವರು. ಗೋಡೆಯ ಮೇಲೆ ದೊಡ್ಡದೊಂದು ಹುಂಜದ ಚಿತ್ರ, ಕರಿ ಮೈ, ಕೆಂಪು ಜುಟ್ಟು, ಮೈತುಂಬ ಹೂವು. ಮಾವ ಅದನ್ನು ತಲೆಯಿಂದ ಕಾಲಿನ ತನಕ ನೋಡಿ, ಮಾರಮ್ಮನಿಗೆ ಬಿಡುವ ಲಾಯಕ್ಕಿನ ಹುಂಜ ಎಂದು ಮೆಚ್ಚಿಕೊಂಡರು. ಆಮೇಲೆ ಕೌಂಟರಿನ ಆಚೆ ನೋಡಿದರು. ಅಲ್ಲಿ ಗ್ರಿಲ್ಲು ಎಲ್ಲರಿಗೂ ಕಾಣುವ ಹಾಗಿದೆ. ಮಹದೇವ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಕೋಳಿ ತಿರುಗಿಸುತ್ತಿದ್ದ.

ನಾನು ಹೋಗಿ ಇಬ್ಬರಿಗೂ ಜೋಳ, ಬ್ರೆಡ್ ಹೇಳಿ ಬಂದೆ. ಮಹದೇವ ಅಲ್ಲಿಂದಲೇ ನಮ್ಮನ್ನು ನೋಡಿ ತಲೆಯಾಡಿಸಿದ. ಜೋಳ ಬಂತು. ಮಾವ ಒಂದೊಂದೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ಳತೊಡಗಿದರು. ಸುತ್ತ ಎಲ್ಲರ ತಟ್ಟೆಯಲ್ಲೂ ಕೋಳಿ. ನಾನು ತಲೆಯೆತ್ತಿದಾಗ ಮಹದೇವ ಸ್ಟೂಲಿನಿಂದ ಇಳಿದು ನಿಂತಿದ್ದ. ಎಡಗೈ ಕೌಂಟರಿನ ಅಂಚಿಗೆ ಊರಿ, ಬಲಗೈಯಲ್ಲಿ ಇಕ್ಕಳ ಹಿಡಿದು ಒಂದು ಕೋಳಿಯನ್ನು ಸುಡುತ್ತಿದ್ದ. ಜೋಕಿಂ ಹತ್ತಿರ ಹೋಗಿ ಏನೋ ಹೇಳಿದರು, ಅವನು ಕೇಳಲಿಲ್ಲ. ಕೋಳಿ ಕೆಂಪಾಗುತ್ತಾ ಬಂತು, ಅವನ ಮುಖ ಬಿಳಿಚುತ್ತಾ ಬಂತು. ನಾನು ಎದ್ದೆ. ಮಾವ ನನಗಿಂತ ಮೊದಲು ಎದ್ದಿದ್ದರು.

ಕೌಂಟರಿನ ಹತ್ತಿರ ಹೋದಾಗ ಮಹದೇವ ಕೋಳಿಯನ್ನು ತಟ್ಟೆಗೆ ಹಾಕಿ ಅಪ್ಪನ ಕಡೆ ತಳ್ಳಿದ. “ನಿಂತ್ಕಂಡೇ ಬೇಯ್ಸಿವ್ನಿ ಅಪ್ಪ. ನೋಡ್ದಲ್ಲ. ಈಗ್ ತಿನ್ನು,” ಎಂದ.

ಮಾವ ತಟ್ಟೆ ನೋಡಲಿಲ್ಲ, ಮಗನ ಮುಖವನ್ನೇ ನೋಡಿದರು. ಹರಕೆಯ ಮಾತಿನ ಪ್ರಕಾರ ಅದು ತೀರಿಹೋಗಿತ್ತು. ಹೂಂ ಎಂದು ತಿಂದುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಹಾಗೆ ತಿಂದರೆ ಇವನು ನಾಳೆಯೂ ನಿಲ್ಲುತ್ತಾನೆ, ನಾಳಿದ್ದೂ ನಿಲ್ಲುತ್ತಾನೆ.

“ಕುಂತ್ಕೊ,” ಎಂದರು ಮಾವ.

ಮಹದೇವ ಅಲ್ಲಾಡಲಿಲ್ಲ.

“ಕುಂತ್ಕೊ ಕಣ್ಲಾ. ನೀನ್ ಕುಂತ್ಕಂಡ್ ಬೇಯ್ಸಿದ್ ಕೊಡು, ತಿಂತೀನಿ. ನಿಂತ್ಕಂಡ್ ಬೇಯ್ಸಿದ್ ನಂಗ್ ಬ್ಯಾಡ.”

ಹರಕೆ ಎಂದು ಮಹದೇವ ಬಾಯಿ ತೆರೆದ.

“ನಂಜುಂಡಪ್ಪಂಗೂ ಮಕ್ಕಳವ್ರೆ,” ಎಂದರು ಮಾವ. “ಅವನ್ಗೂ ಗೊತ್ತಾಯ್ತದೆ. ತಪ್ಪು ಅಂದ್ರೆ ನನ್ ಮ್ಯಾಲೆ ಬರ್ಲಿ.”

ಮಹದೇವ ಸ್ಟೂಲಿನ ಮೇಲೆ ಕೂತ. ಜೋಕಿಂ ಅವನ ಕಾಲನ್ನು ಎತ್ತಿ ಹಲಗೆಯ ಮೇಲಿಟ್ಟರು. ಅವನು ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೊಂದು ಕೋಳಿಯನ್ನು ಜಾಲರಿಯ ಮೇಲೆ ಹಾಕಿದ. ಅದು ಬೇಯುವ ತನಕ ಮಾವ ಕೌಂಟರು ಬಿಟ್ಟು ಕದಲಲಿಲ್ಲ. ಹಿಂದಿದ್ದ ಗಿರಾಕಿಗಳು ಪಕ್ಕದಿಂದ ದಾಟಿಕೊಂಡು ಹೋದರು. ಬೆಂದ ಮೇಲೆ ಮಹದೇವ ಕೋಳಿಯ ಒಂದು ಕಾಲು ಮುರಿದು ಕೂತಲ್ಲಿಂದಲೇ ಕೈ ಚಾಚಿದ. ಮಾವ ಅದನ್ನು ತೆಗೆದುಕೊಂಡರು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡು ಕಚ್ಚಿದರು. ಅಷ್ಟು ಹೆದರಿದ್ದ ಮನುಷ್ಯ ಮಗನ ಕಣ್ಣೆದುರೇ ಅದನ್ನು ಪೂರ್ತಿ ತಿಂದು ಮುಗಿಸಿದರು. ಹೆಂಗದೆ ಎಂದು ಮಹದೇವ ಕೇಳಿದ. ಮಾವ ಮೂಳೆಯನ್ನು ತಟ್ಟೆಯಲ್ಲಿಟ್ಟು, ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡರು.

“ಕುಂತ್ಕಂಡ್ ಬೇಯ್ಸಿದ್ರೂ ಬೇಯ್ತದೆ ಕಣ್ಲಾ,” ಎಂದರು.